ರದ್ದಿ ಕಾಗದ, ಒಂದಿಷ್ಟು ಜಲವರ್ಣ: ಮನೆಯಲ್ಲೇ ಅಮೂರ್ತ ಕೊಲಾಜ್ ಮಾಡುವ ಬಗೆ

ನಮ್ಮ ಅಟ್ಟದ ಮೇಲೆ ಒಂದು ಸೀರೆ ಡಬ್ಬ ಇದೆ. ಅದರೊಳಗೆ ಸೀರೆ ಇಲ್ಲ, ಮದುವೆ ಕಾರ್ಡುಗಳಿವೆ. ಇಪ್ಪತ್ತು ವರ್ಷದ್ದು. ಪ್ರತಿಯೊಂದರ ಮೇಲೂ ಗಣಪತಿಯೋ ಶ್ರೀನಿವಾಸನೋ ಇದ್ದಾನೆ, ಮೂಲೆಗೆ ಅರಿಸಿನ ಕುಂಕುಮ ಹಚ್ಚಿದೆ. ಹಾಗಾಗಿ ಕಸದ ಬುಟ್ಟಿಗೆ ಹಾಕಲು ಯಾರಿಗೂ ಕೈ ಬರುವುದಿಲ್ಲ. ಇಟ್ಟುಕೊಂಡು ಮಾಡುವುದೂ ಏನಿಲ್ಲ. ನಿಮ್ಮ ಮನೆಯಲ್ಲೂ ಇಂಥದ್ದೊಂದು ಡಬ್ಬ ಇದ್ದೇ ಇರುತ್ತದೆ, ಅಲ್ವಾ?

ನಾನು ಕೊಲಾಜ್, ಅಂದರೆ ಕಾಗದದ ತುಂಡು ಅಂಟಿಸಿ ಚಿತ್ರ ಮಾಡುವುದು, ಶುರು ಮಾಡಿದ್ದು ಆ ಡಬ್ಬದಿಂದ. ಅಮ್ಮನದು ಒಂದೇ ಷರತ್ತು: ದೇವರ ಚಿತ್ರವನ್ನು ಮೊದಲು ಕತ್ತರಿಸಿ ತೆಗೆದಿಡಬೇಕು. ಚಿತ್ರದ ದೃಷ್ಟಿಯಿಂದಲೂ ಅದು ಒಳ್ಳೆಯ ಷರತ್ತೇ ಆಯಿತು. ಹಾಳೆಯ ಮೇಲೆ ಒಂದು ಮುಖ ಇದ್ದರೆ ಕಣ್ಣು ಸೀದಾ ಅಲ್ಲಿಗೇ ಹೋಗಿ ಕೂರುತ್ತದೆ. ಪಕ್ಕದಲ್ಲಿ ಎಷ್ಟೇ ಚೆಂದದ ಕೆಂಪು ಇರಲಿ, ಅದನ್ನು ಯಾರೂ ನೋಡುವುದಿಲ್ಲ.

ಅಮೂರ್ತ ಕೊಲಾಜ್‌ನ ಕಷ್ಟ ಇರುವುದೇ ಇಲ್ಲಿ. ನಮ್ಮ ಮನೆಗೆ ಬರುವ ಕಾಗದವೆಲ್ಲ ಮಾತಾಡುತ್ತದೆ. ಪೇಪರ್ ಸುದ್ದಿ ಹೇಳುತ್ತದೆ, ಕ್ಯಾಲೆಂಡರ್ ಏಕಾದಶಿ ಯಾವತ್ತು ಅನ್ನುತ್ತದೆ, ಬಿಸ್ಕತ್ತಿನ ಪೊಟ್ಟಣ ಬೆಲೆ ಕೂಗುತ್ತದೆ. ಆ ಮಾತನ್ನು ನಿಲ್ಲಿಸಬೇಕು. ಓದುವ ಕಾಗದ ಬರೀ ನೋಡುವ ಕಾಗದ ಆಗಬೇಕು. ಬಣ್ಣ, ಆಕಾರ, ಅಂಚು, ಮೈ, ಇಷ್ಟೇ ಉಳಿಯಬೇಕು. ಕೆಳಗೆ ಬರುವ ಹಂತಗಳೆಲ್ಲ ಒಂದಲ್ಲ ಒಂದು ರೀತಿ ಇದಕ್ಕೇ.

‘ಕೊಲಾಜ್’ ಬಂದದ್ದು ಫ್ರೆಂಚಿನಿಂದ. ಅಲ್ಲಿ ಅಂಟಿಸುವುದಕ್ಕೆ ‘ಕೊಲೆ’ ಅನ್ನುತ್ತಾರೆ. ನಮ್ಮ ಕಿವಿಗೆ ಗಾಬರಿಯಾಗುತ್ತದೆ, ಆದರೆ ಪೂರ್ತಿ ತಪ್ಪೂ ಅಲ್ಲ, ಒಂದಷ್ಟು ಅಕ್ಷರಗಳ ಕೊಲೆ ಇಲ್ಲಿ ನಡೆದೇ ನಡೆಯುತ್ತದೆ. 1912ರಲ್ಲಿ ಫ್ರಾನ್ಸಿನಲ್ಲಿ ಚಿತ್ರಕಾರ ಬ್ರಾಕ್ ಮರದ ಗೆರೆ ಅಚ್ಚಾಗಿದ್ದ ಗೋಡೆ ಕಾಗದವನ್ನು ತನ್ನ ಚಿತ್ರಕ್ಕೆ ಅಂಟಿಸಿದ. ಪಿಕಾಸೊ ಬೆತ್ತದ ಹೆಣಿಗೆ ಅಚ್ಚಾಗಿದ್ದ ಮೇಣಬಟ್ಟೆ ಅಂಟಿಸಿದ. ನನಗೆ ಅವರಿಬ್ಬರಿಗಿಂತ ಹತ್ತಿರ ಅನ್ನಿಸುವವನು ಜರ್ಮನಿಯ ಹ್ಯಾನೋವರ್‌ನ ಕುರ್ಟ್ ಶ್ವಿಟರ್ಸ್. ಟ್ರಾಮ್ ಟಿಕೆಟ್, ಪೊಟ್ಟಣದ ಕಾಗದ, ಬೀದಿಯಲ್ಲಿ ಸಿಕ್ಕ ಚೂರುಪಾರು, ಎಲ್ಲವೂ ಅವನಿಗೆ ಬೇಕು. ಒಂದು ಬ್ಯಾಂಕಿನ ಜಾಹೀರಾತಿನಲ್ಲಿದ್ದ ‘ಕೊಮೆರ್ಟ್ಸ್’ ಎಂಬ ಪದವನ್ನು ಕತ್ತರಿಸಿದಾಗ ‘ಮೆರ್ಟ್ಸ್’ ಉಳಿಯಿತು. ಅದಕ್ಕೆ ಏನೂ ಅರ್ಥ ಇಲ್ಲ. ತನ್ನ ಕಲೆಗೆಲ್ಲ ಅದನ್ನೇ ಹೆಸರಾಗಿ ಇಟ್ಟುಕೊಂಡ.

ಇನ್ನು ಕೆಲಸಕ್ಕೆ ಬರೋಣ.

ಯಾವ ಕಾಗದ ಬೇಕು, ಯಾವುದು ಬೇಡ

ಅಂಟಿಸಿಕೊಳ್ಳುವ ತಳದ ಹಾಳೆ ಮಾತ್ರ ಗಟ್ಟಿಯಾಗಿರಲಿ. ಅಲ್ಲಿ ಜಿಪುಣತನ ಬೇಡ. 300 ಜಿಎಸ್‌ಎಂನ (ಚದರ ಮೀಟರಿಗೆ 300 ಗ್ರಾಂ ತೂಗುವ) ಜಲವರ್ಣ ಕಾಗದದ ಪೂರ್ತಿ ಹಾಳೆ 22×30 ಇಂಚು ಇರುತ್ತದೆ. ಅದನ್ನು ಎಂಟು ಭಾಗ ಮಾಡಿದರೆ 7.5×11 ಇಂಚಿನ ಎಂಟು ತುಂಡು ಬರುತ್ತವೆ. ಕಲಿಯಲು ಇದೇ ಸರಿಯಾದ ಅಳತೆ. ದೊಡ್ಡದು ಮಾಡಿದರೆ ತುಂಬಿಸುವುದೇ ಕೆಲಸವಾಗುತ್ತದೆ. ಹೊಸದು ಕೊಳ್ಳುವುದು ಬೇಡ ಅಂದರೆ ಸೀರೆ ಡಬ್ಬದ ರಟ್ಟು ಅಥವಾ ನೋಟ್‌ಬುಕ್ಕಿನ ಹಿಂದಿನ ರಟ್ಟು ಆಗುತ್ತದೆ. ಆದರೆ ಅದರ ಮೇಲೆ ನೇರ ಜಲವರ್ಣ ಬಳಿದರೆ ಹೀರಿಕೊಂಡು ಮಂಕಾಗುತ್ತದೆ. ರಟ್ಟಿನ ಮೇಲೆ ಕಾಗದ ಅಂಟಿಸುವ ಕೆಲಸ ಮಾತ್ರ ಇಟ್ಟುಕೊಳ್ಳಿ.

ಅಂಟಿಸುವ ಕಾಗದದಲ್ಲಿ ಒಂದೊಂದರದು ಒಂದೊಂದು ಸ್ವಭಾವ.

ಮದುವೆ ಕಾರ್ಡು: ಮುಂದಿನ ಭಾಗ ನುಣುಪು, ಬಣ್ಣ ನಿಲ್ಲುವುದಿಲ್ಲ. ಹಿಂಭಾಗ ಅಥವಾ ಒಳಹಾಳೆ ಬಳಸಿ. ಚಿನ್ನದ ಲೇಪದ ಭಾಗಕ್ಕೆ ಬಣ್ಣ ಬೇಕಾಗಿಯೇ ಇಲ್ಲ. ಇಡೀ ಚಿತ್ರದಲ್ಲಿ ಉಗುರಿನಷ್ಟು ಚಿನ್ನ ಸಾಕು, ಜಾಸ್ತಿ ಆದರೆ ಚಿತ್ರ ಮತ್ತೆ ಮದುವೆ ಕಾರ್ಡೇ ಆಗುತ್ತದೆ.

ದಿನಪತ್ರಿಕೆ: ತೆಳ್ಳಗೆ, ಸುಲಭವಾಗಿ ಹರಿಯುತ್ತದೆ. ಮರದ ತಿರುಳಿನ ಕಾಗದವಾದ್ದರಿಂದ ಬೆಳಕಿಗೆ ಹಳದಿಯಾಗುತ್ತದೆ. ನನಗೆ ಆ ಹಳದಿ ಇಷ್ಟ. ನಿಮಗೆ ಬೇಡವಾದರೆ ಪೇಪರನ್ನು ಒಳ್ಳೆಯ ಕಾಗದದ ಮೇಲೆ ಜೆರಾಕ್ಸ್ ಮಾಡಿಸಿ. ಜೆರಾಕ್ಸಿನ ಕಪ್ಪು ನೀರಿಗೆ ಕರಗುವುದಿಲ್ಲ. ಮನೆಯ ಇಂಕ್‌ಜೆಟ್ ಪ್ರಿಂಟರಿನದು ಸಾಮಾನ್ಯವಾಗಿ ಕರಗಿ ಹರಿದಾಡುತ್ತದೆ.

ಪಾರ್ಸೆಲ್ ಡಬ್ಬದ ಅಲೆಅಲೆ ರಟ್ಟು: ಮೇಲಿನ ಪದರಕ್ಕೆ ಒದ್ದೆ ಬಟ್ಟೆ ಒತ್ತಿ ಎರಡು ನಿಮಿಷ ಬಿಡಿ. ಆಮೇಲೆ ಉಗುರಿನಿಂದ ಸುಲಿಯಿರಿ. ಒಳಗಿನ ಗೆರೆಗೆರೆ ಅಲೆ ಬಯಲಾಗುತ್ತದೆ. ಉತ್ತ ಹೊಲದ ಹಾಗೆ ಕಾಣುತ್ತದೆ.

ಬಸ್ ಟಿಕೆಟ್: ಇದರ ಬಗ್ಗೆ ಒಂದು ಕಥೆ. ಕಂಡಕ್ಟರ್ ಮೆಷಿನ್‌ನಿಂದ ಹರಿದು ಕೊಡುವ ಟಿಕೆಟ್‌ಗಳನ್ನು ಒಂದು ವರ್ಷ ಕೂಡಿಟ್ಟು ಒಂದು ಕೊಲಾಜ್ ಮಾಡಿದ್ದೆ. ಹಾಳೆ ಸ್ವಲ್ಪ ಸುರುಳಿಕೊಂಡಿತು. ಇಸ್ತ್ರಿ ಮಾಡಿದರೆ ಸರಿಹೋಗುತ್ತದೆ ಅಂದುಕೊಂಡು ಪೆಟ್ಟಿಗೆ ಬಿಸಿ ಮಾಡಿ ಒಂದೇ ಸಲ ಎಳೆದೆ. ಟಿಕೆಟ್‌ಗಳೆಲ್ಲ ಕಣ್ಣೆದುರೇ ಕಪ್ಪಗಾದವು. ಅದು ಬಿಸಿ ತಾಗಿದರೆ ಕಪ್ಪಾಗುವ ಕಾಗದ, ಮೆಷಿನ್ ಅಕ್ಷರ ಮೂಡಿಸುವುದೂ ಶಾಖದಿಂದಲೇ. ಬಿಸಿ ತಾಗದಿದ್ದರೂ ಆ ಅಕ್ಷರ ಕೆಲವು ತಿಂಗಳಲ್ಲಿ ಮಾಸಿಹೋಗುತ್ತದೆ. ಎಟಿಎಂ ಚೀಟಿ, ಸೂಪರ್ ಮಾರ್ಕೆಟ್ ಬಿಲ್ಲು, ಎಲ್ಲ ಇದೇ ಜಾತಿ. ಅದರ ಲೇಪದಲ್ಲಿ ರಾಸಾಯನಿಕ ಇರುತ್ತದೆ, ಮಕ್ಕಳ ಕೈಗೆ ಕೊಡಬೇಡಿ.

ಹಾಲಿನ ಕವರ್ ಚಿತ್ರಕ್ಕೆ ಅಂಟಿಸಲು ಬರುವುದಿಲ್ಲ, ಬಿಳಿ ಅಂಟು ಪ್ಲಾಸ್ಟಿಕ್ಕಿಗೆ ಹಿಡಿಯುವುದಿಲ್ಲ. ಆದರೂ ತೊಳೆದು ಒಣಗಿಸಿ ನಾಲ್ಕೈದು ಇಟ್ಟುಕೊಳ್ಳಿ. ಎರಡು ಕಡೆ ಬೇಕಾಗುತ್ತದೆ.

ಅಂಟು: ಫೆವಿಕಾಲ್ ಮತ್ತು ಮೈದಾ

ಎರಡೂ ಇರಲಿ. ಕೆಲಸ ಬೇರೆ ಬೇರೆ.

ಫೆವಿಕಾಲ್‌ನಂಥ ಬಿಳಿ ಅಂಟು ಗಟ್ಟಿಯಾಗಿ ಹಿಡಿಯುತ್ತದೆ, ಒಣಗಿದ ಮೇಲೆ ಕಾಣುವುದಿಲ್ಲ. ಎರಡು ಪಾಲು ಅಂಟಿಗೆ ಒಂದು ಪಾಲು ನೀರು ಬೆರೆಸಿದರೆ ಬ್ರಷ್‌ನಲ್ಲಿ ಬಳಿಯಲು ಬರುತ್ತದೆ. ಅದರ ಒಂದೇ ದೋಷ: ಅದು ಒಸರಿದ ಜಾಗದಲ್ಲಿ ಮತ್ತೆ ಜಲವರ್ಣ ಹತ್ತುವುದಿಲ್ಲ. ಕೆಸುವಿನ ಎಲೆ ಮೇಲಿನ ನೀರಿನ ಹಾಗೆ ಬಣ್ಣ ಗುಂಡಾಗಿ ನಿಲ್ಲುತ್ತದೆ. ಆ ಜಾಗ ಒಣಗಿದಾಗ ಹೊಳೆಯುವ ಕಲೆ.

ಅಂಟಿಸಿದ ಮೇಲೂ ಬಣ್ಣ ಬಳಿಯಬೇಕು ಅನ್ನುವವರಿಗೆ ಮೈದಾ ಗೋಂದು. ಎರಡು ಚಮಚ ಮೈದಾವನ್ನು ಅರ್ಧ ಲೋಟ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ. ಒಂದು ಲೋಟ ನೀರು ಕುದಿಯಲು ಇಟ್ಟು, ಕುದಿ ಬಂದಾಗ ಇದನ್ನು ಸುರಿದು ಸಣ್ಣ ಉರಿಯಲ್ಲಿ ಕೈ ಬಿಡದೆ ತಿರುವಿ. ನಾಲ್ಕೈದು ನಿಮಿಷದಲ್ಲಿ ಬಿಳಿ ಬಣ್ಣ ಹೋಗಿ ಗಂಜಿಯ ಹಾಗೆ ಪಾರದರ್ಶಕ ಆಗುತ್ತದೆ. ಇಳಿಸಿ, ಆರಿಸಿ, ತೆಳು ಬಟ್ಟೆಯಲ್ಲಿ ಸೋಸಿ. ಫ್ರಿಜ್ಜಿನಲ್ಲಿ ನಾಲ್ಕೈದು ದಿನ ಬರುತ್ತದೆ, ಹುಳಿ ವಾಸನೆ ಬಂದರೆ ಚೆಲ್ಲಿಬಿಡಿ. ಹಿಂದೆ ಪುಸ್ತಕ ಬೈಂಡಿಂಗ್ ಮಾಡುವವರು ಹುಳ ಹಿಡಿಯದಿರಲಿ ಅಂತ ಇದಕ್ಕೆ ಮೈಲುತುತ್ತ ಹಾಕುತ್ತಿದ್ದರು. ಅದು ವಿಷ, ಅಡುಗೆಮನೆಯಲ್ಲಿ ಬೇಡವೇ ಬೇಡ. ಎರಡು ಹನಿ ಲವಂಗದ ಎಣ್ಣೆ ಹಾಕಿ, ಸಾಕು.

ಹಂತ 1: ಮೊದಲು ಬಣ್ಣ, ಆಮೇಲೆ ಅಂಟು

ಹೊಸಬರು ಮಾಡುವ ದೊಡ್ಡ ತಪ್ಪು, ಸಿಕ್ಕಿದ ಕಾಗದವನ್ನೆಲ್ಲ ಅಂಟಿಸಿ ಆಮೇಲೆ ಮೇಲಿಂದ ಬಣ್ಣ ಬಳಿಯುವುದು. ತಿರುಗಿಸಿ ಮಾಡಿ. ಮೊದಲು ಒಂದು ಹತ್ತು ಹದಿನೈದು ಕಾಗದಕ್ಕೆ ಬಣ್ಣ ಹಾಕಿ ಒಣಗಿಸಿ ರಾಶಿ ಮಾಡಿಕೊಳ್ಳಿ. ಫ್ರಾನ್ಸಿನ ಚಿತ್ರಕಾರ ಮಾತಿಸ್ ಮಾಡಿದ್ದೂ ಇದನ್ನೇ. 1941ರಲ್ಲಿ ದೊಡ್ಡ ಶಸ್ತ್ರಚಿಕಿತ್ಸೆ ಆದ ಮೇಲೆ ಅವನಿಗೆ ಹೆಚ್ಚು ಹೊತ್ತು ನಿಂತು ಚಿತ್ರ ಬರೆಯಲು ಆಗುತ್ತಿರಲಿಲ್ಲ. ಸಹಾಯಕರು ಹಾಳೆಗಳಿಗೆ ಗಟ್ಟಿ ಬಣ್ಣ ಬಳಿದು ಕೊಡುತ್ತಿದ್ದರು, ಅವನು ಗಾಲಿ ಕುರ್ಚಿಯಲ್ಲೋ ಹಾಸಿಗೆಯಲ್ಲೋ ಕೂತು ಕತ್ತರಿ ಆಡಿಸುತ್ತಿದ್ದ.

ಬಣ್ಣ ಮೂರೇ ಸಾಕು: ಅಲ್ಟ್ರಾಮರೀನ್ ನೀಲಿ, ಬರ್ನ್ಟ್ ಸಿಯೆನ್ನಾ (ಕೆಂಪು ಕಂದು), ಯೆಲ್ಲೋ ಓಕರ್ (ಮಣ್ಣಿನ ಹಳದಿ). ಮಕ್ಕಳ ಕೇಕ್ ಬಣ್ಣದ ಡಬ್ಬವೂ ಆಗುತ್ತದೆ, ಆದರೆ ಹನ್ನೆರಡೂ ಬಣ್ಣ ಮುಟ್ಟಬೇಡಿ. ನೀಲಿಗೆ ಸಿಯೆನ್ನಾ ಬೆರೆಸಿದರೆ ಮಳೆಗಾಲದ ಮೋಡದ ಬೂದು ಬರುತ್ತದೆ. ಆ ಒಂದು ಬೂದು ಬಣ್ಣ ನಿಮ್ಮ ಚಿತ್ರದ ಅರ್ಧ ಕೆಲಸ ಮಾಡುತ್ತದೆ.

ಈಗ ಕಾಗದ ತಯಾರಿಸುವ ಕೆಲವು ಬಗೆ.

ಒದ್ದೆಯ ಮೇಲೆ ಒದ್ದೆ. ಹಾಳೆಗೆ ಅಗಲ ಬ್ರಷ್‌ನಲ್ಲಿ ಬರೀ ನೀರು ಬಳಿಯಿರಿ. ಅದರ ಮೇಲೆ ಬಣ್ಣ ತಾಗಿಸಿ ಸುಮ್ನೆ ಬಿಡಿ. ಹಾಳೆಯನ್ನು ಓರೆ ಹಿಡಿದರೆ ತಾನೇ ಹರಿಯುತ್ತದೆ. ಮೈಸೂರಿನ ವೆಂಕಟಪ್ಪನವರ ಊಟಿಯ ಜಲವರ್ಣಗಳನ್ನು ನೋಡಿದವರಿಗೆ ಗೊತ್ತು, ಮಂಜು ಎಲ್ಲಿ ಮುಗಿಯಿತು, ಬೆಟ್ಟ ಎಲ್ಲಿ ಶುರುವಾಯಿತು ಅಂತ ಬೆರಳಿಟ್ಟು ತೋರಿಸಲು ಆಗುವುದಿಲ್ಲ. ಅವರ ಕೈ ನಮಗೆ ಬರುವುದಿಲ್ಲ ಬಿಡಿ. ಆದರೆ ಕರಗಿದ ಅಂಚು ಬೇಕೆಂದರೆ ಕಾಗದ ಮೊದಲು ಒದ್ದೆ ಇರಬೇಕು, ಅಷ್ಟು ತಿಳಿದರೆ ಸಾಕು.

ಉಪ್ಪು. ಇದು ನನಗೆ ಎಲ್ಲಕ್ಕಿಂತ ಇಷ್ಟ. ನೀಲಿ ಬಳಿದು ಹಾಳೆಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಬೆಳಕಿಗೆ ಅಡ್ಡಲಾಗಿ ನೋಡುತ್ತಿರಿ. ಮೊದಲು ಮೇಲ್ಮೈ ಕನ್ನಡಿ ಹಾಗೆ ಹೊಳೆಯುತ್ತದೆ. ಆ ಹೊಳಪು ಇನ್ನೇನು ಹೋಗಬೇಕು ಅನ್ನುವಾಗ ನಾಲ್ಕೈದು ಹರಳು ಕಲ್ಲುಪ್ಪು ಉದುರಿಸಿ. ಪ್ರತಿ ಹರಳೂ ಸುತ್ತಲಿನ ನೀರನ್ನು ಎಳೆದುಕೊಳ್ಳುತ್ತದೆ, ಬಣ್ಣ ಪಕ್ಕಕ್ಕೆ ಸರಿಯುತ್ತದೆ, ನಿಧಾನಕ್ಕೆ ಒಂದೊಂದು ಬಿಳಿ ಹೂವು ಅರಳುತ್ತದೆ. ಬೇಗ ಹಾಕಿದರೆ ಉಪ್ಪು ಕರಗಿಹೋಗುತ್ತದೆ, ತಡವಾದರೆ ಏನೂ ಆಗುವುದಿಲ್ಲ. ಪುಡಿ ಉಪ್ಪಿಗೆ ಸಣ್ಣ ಚುಕ್ಕಿ, ಕಲ್ಲುಪ್ಪಿಗೆ ದೊಡ್ಡ ಹೂವು. ಪೂರ್ತಿ ಒಣಗಿದ ಮೇಲೆ ಕೆರೆದು ಉದುರಿಸಿ. ಉಪ್ಪು ಉಳಿದರೆ ಮಳೆಗಾಲದಲ್ಲಿ ಆ ಜಾಗ ಬೆವರುತ್ತದೆ. ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಮೇಣ. ಬಿಳಿ ಮೇಣದಬತ್ತಿಯಿಂದ ಗೀಚಿ, ಮೇಲೆ ಬಣ್ಣ ಬಳಿಯಿರಿ. ಗೀಚಿದಲ್ಲಿ ಬಣ್ಣ ಹತ್ತುವುದಿಲ್ಲ. ಒಂದು ಎಚ್ಚರ: ಮೇಣ ಇರುವ ಜಾಗದಲ್ಲಿ ಅಂಟೂ ಹತ್ತುವುದಿಲ್ಲ.

ಹಾಲಿನ ಕವರ್ ಅಚ್ಚು. ಕವರನ್ನು ಬಿಡಿಸಿ ಹರಡಿ, ಅದರ ಮೇಲೆ ಬಣ್ಣ ಹಚ್ಚಿ. ಬಣ್ಣ ಗುಂಡಾಗಿ ಓಡುತ್ತದೆ. ಒಂದು ಹನಿ ಪಾತ್ರೆ ತೊಳೆಯುವ ಸೋಪಿನ ನೀರು ಬೆರೆಸಿದರೆ ಹರಡಿ ನಿಲ್ಲುತ್ತದೆ. ಅದರ ಮೇಲೆ ಕಾಗದ ಬೋರಲು ಹಾಕಿ ಅಂಗೈಯಿಂದ ಒತ್ತಿ ಎತ್ತಿ. ಎರಡು ಸಲ ಮಾಡಿದರೆ ಎರಡು ಸಲವೂ ಬೇರೆಯೇ ಬರುತ್ತದೆ.

ಅಡುಗೆಮನೆ ಬಣ್ಣ. ಕಾಫಿ ಡಿಕಾಕ್ಷನ್ ಒಳ್ಳೆಯ ಕಂದು ಕೊಡುತ್ತದೆ, ಎರಡನೇ ಸಲ ಇಳಿಸಿದ್ದೂ ಸಾಕು. ಲೋಟದ ತಳ ಅದ್ದಿ ಒತ್ತಿದರೆ ಬಳೆಯಂಥ ಉಂಗುರ, ಒಣಗುವಾಗ ಅಂಚಿನಲ್ಲೇ ಬಣ್ಣ ಗಟ್ಟಿಯಾಗುತ್ತದೆ. ಅರಿಸಿನದ ನೀರು ಬಳಿದ ಕಾಗದದ ಮೇಲೆ ಸುಣ್ಣದ ತಿಳಿನೀರು ತಾಗಿಸಿದರೆ ಅಲ್ಲಿಗೆ ಕೆಂಪು, ನಮ್ಮ ಆರತಿ ತಟ್ಟೆಯ ಬಣ್ಣವೇ. ನೋಡಲು ಮಜವಾಗಿದೆ. ಆದರೆ ಅರಿಸಿನ ಬಿಸಿಲಿಗೆ ಬೇಗ ಮಾಸುತ್ತದೆ. ಗೋಡೆಗೆ ಹಾಕುವ ಚಿತ್ರಕ್ಕೆ ಬೇಡ, ಪುಸ್ತಕದೊಳಗೆ ಇಡುವಂಥದ್ದಕ್ಕೆ ಬಳಸಿ.

ದಿನಪತ್ರಿಕೆಗೆ ಬಣ್ಣ ಹಾಕುವುದಾದರೆ ತೆಳುವಾಗಿ ಒಂದೇ ಸಲ. ಅಕ್ಷರ ಪೂರ್ತಿ ಮುಚ್ಚಬಾರದು, ಓದಲೂ ಬಾರದು. ಬೂದು ಬಣ್ಣದ ಹಿಂದೆ ಇರುವೆ ಸಾಲಿನ ಹಾಗೆ ಕಂಡರೆ ಸರಿ.

ಹಂತ 2: ಹರಿಯುವುದು

ಕತ್ತರಿ ಪಕ್ಕಕ್ಕಿಡಿ. ಕತ್ತರಿಸಿದ ಅಂಚು ಎಲ್ಲ ಒಂದೇ ಥರ, ಹರಿದ ಅಂಚಿಗೆ ಜೀವ ಇದೆ.

ದಿನಪತ್ರಿಕೆಯನ್ನು ಮೇಲಿಂದ ಕೆಳಕ್ಕೆ ಹರಿದು ನೋಡಿ, ಸ್ಕೇಲ್ ಇಟ್ಟ ಹಾಗೆ ನೇರ ಬರುತ್ತದೆ. ಅಡ್ಡಕ್ಕೆ ಹರಿದರೆ ಸೊಟ್ಟಪಟ್ಟ ಓಡುತ್ತದೆ. ಕಾಗದದ ನಾರು ಒಂದು ದಿಕ್ಕಿಗೆ ಮಲಗಿರುತ್ತದೆ, ಅದಕ್ಕೇ ಹಾಗೆ. ಪಟ್ಟಿ ಬೇಕಾದರೆ ನಾರಿನ ಜೊತೆಗೆ, ಬೆಟ್ಟದ ಸಾಲಿನಂಥ ಅಂಚು ಬೇಕಾದರೆ ನಾರಿಗೆ ಅಡ್ಡ.

ಬಣ್ಣ ಅಚ್ಚಾದ ದಪ್ಪ ಕಾಗದ ಹರಿದಾಗ ಒಂದು ತುಂಡಿಗೆ ಬಿಳಿ ಅಂಚು ಬರುತ್ತದೆ, ಇನ್ನೊಂದಕ್ಕೆ ಬರುವುದಿಲ್ಲ. ಎಳೆಯುವ ದಿಕ್ಕು ಬದಲಿಸಿದರೆ ಬಿಳಿ ಆ ಕಡೆಯ ತುಂಡಿಗೆ ಹೋಗುತ್ತದೆ. ಹಳೆಯ ಕ್ಯಾಲೆಂಡರ್ ಹಾಳೆಯಲ್ಲಿ ನಾಲ್ಕು ಸಲ ಅಭ್ಯಾಸ ಮಾಡಿ. ಆ ಬಿಳಿ ಅಂಚು ಎರಡು ಗಾಢ ಬಣ್ಣಗಳ ನಡುವೆ ಸೀಮೆಸುಣ್ಣದ ಗೆರೆ ಎಳೆದಂತೆ ಕೆಲಸ ಮಾಡುತ್ತದೆ. ಬಟ್ಟೆ ಚಿಂದಿಯಿಂದ ಮಾಡಿದ ಕೈಕಾಗದ ಸಿಕ್ಕರೆ, ಬ್ರಷ್‌ನಲ್ಲಿ ನೀರಿನ ಗೆರೆ ಎಳೆದು ಆ ಗೆರೆಯುದ್ದಕ್ಕೂ ನಿಧಾನಕ್ಕೆ ಬಿಡಿಸಿ. ಹತ್ತಿಯ ಹಾಗೆ ನಾರು ಹೊರಗೆ ಬರುತ್ತದೆ.

ಅಕ್ಷರಗಳನ್ನು ಪದ ಉಳಿಯದ ಹಾಗೆ ಹರಿಯಿರಿ. ಕ್ಯಾಲೆಂಡರ್‌ನ ದೊಡ್ಡ ಕೆಂಪು ಅಂಕಿ ಇದೆಯಲ್ಲ, ಅದನ್ನು ಮಧ್ಯಕ್ಕೆ ಹರಿದು ತಲೆಕೆಳಗು ಮಾಡಿ. 8 ಹೋಗಿ ಬರೀ ಒಂದು ದುಂಡು ಕೆಂಪು ಬಾಗು ಉಳಿಯುತ್ತದೆ. ಕನ್ನಡ ಅಕ್ಷರ ಇದಕ್ಕೆ ಹೇಳಿ ಮಾಡಿಸಿದ್ದು, ತಲೆಕಟ್ಟು, ಕೊಂಬು, ಸುಳಿ ಎಲ್ಲವೂ ಬಿಡಿಬಿಡಿಯಾಗಿಯೇ ಚೆಂದ.

ದೊಡ್ಡದು ಮೂರು, ಮಧ್ಯಮ ಐದಾರು, ಚೂರು ಹತ್ತು ಹನ್ನೆರಡು. ಇಷ್ಟಾದರೆ ಮುಂದಕ್ಕೆ ಹೋಗಿ.

ಹಂತ 3: ಜೋಡಿಸುವುದು, ಅಂಟಿಲ್ಲದೆ

ಇದಕ್ಕೆ ಒಂದು ಸಂಜೆ ಪೂರ್ತಿ ಕೊಡಿ. ಫ್ಯಾನ್ ಆರಿಸಿ! (ಯಾರೂ ಹೇಳಿಕೊಡದ ಪಾಠ ಇದು.)

ಮೊದಲು ಮೂರು ದೊಡ್ಡ ತುಂಡು ಇಡಿ. ಹಾಳೆಯ ಸರಿ ಮಧ್ಯಕ್ಕೆ ಯಾವುದೂ ಬೇಡ. ಒಂದಾದರೂ ತುಂಡು ಅಂಚು ದಾಟಿ ಹೊರಗೆ ಹೋಗಲಿ. ಇಲ್ಲದಿದ್ದರೆ ತಟ್ಟೆಯಲ್ಲಿ ಬಡಿಸಿಟ್ಟ ಹಾಗೆ ಕಾಣುತ್ತದೆ. ಚೂರುಗಳನ್ನು ಎಲ್ಲ ಕಡೆ ಸಮವಾಗಿ ಹಂಚಬೇಡಿ, ಒಂದು ಕಡೆ ಗುಂಪು, ಇನ್ನೊಂದು ಕಡೆ ಖಾಲಿ. ಕಾಲು ಭಾಗವಾದರೂ ಹಾಳೆ ಏನೂ ಇಲ್ಲದೆ ಇರಲಿ. ನನಗೆ ಈಗಲೂ ಕಷ್ಟ ಇದೇ. ಖಾಲಿ ಜಾಗ ಕಂಡರೆ ಕೈ ತುರಿಸುತ್ತದೆ.

ಏನೂ ತೋಚದಿದ್ದರೆ ಕಲಾವಿದ ಹಾನ್ಸ್ ಆರ್ಪ್‌ನ ಉಪಾಯ. ನೂರು ವರ್ಷದ ಹಿಂದೆ ಅವನು ‘ಆಕಸ್ಮಿಕದ ನಿಯಮದಂತೆ ಜೋಡಿಸಿದ್ದು’ ಅಂತ ಹೆಸರಿಟ್ಟು ಕೊಲಾಜ್ ಮಾಡಿದ. ತುಂಡುಗಳನ್ನು ಮೇಲಿನಿಂದ ಬೀಳಿಸಿ, ಬಿದ್ದಲ್ಲಿಂದ ಶುರು ಮಾಡುವುದು. ಅವನ ಚಿತ್ರಗಳನ್ನು ನೋಡಿದರೆ ಬಿದ್ದ ಮೇಲೆ ಒಂದೆರಡನ್ನು ಸರಿಸಿರಬೇಕು ಅಂತ ನನಗೆ ಗುಮಾನಿ. ನೀವೂ ಸರಿಸಿ, ತಪ್ಪೇನಿಲ್ಲ.

ಜೋಡಿಸಿದ್ದನ್ನು ಮೊಬೈಲಿನಲ್ಲಿ ಫೋಟೋ ತೆಗೆದು ಕಪ್ಪುಬಿಳುಪು ಮಾಡಿ. ಎಲ್ಲ ಒಂದೇ ಬೂದು ಕಂಡರೆ ಚಿತ್ರ ಮಂಕು ಅಂತಲೇ ಲೆಕ್ಕ. ಒಂದು ತುಂಡು ತೀರ ಗಾಢ, ಒಂದು ತೀರ ತಿಳಿ ಬೇಕು. ಆಮೇಲೆ ಹಾಳೆಯ ಎದುರು ಬದಿಗೆ ಹೋಗಿ ನಿಂತು ತಲೆಕೆಳಗಾಗಿ ನೋಡಿ. ಇಷ್ಟವಾದ ಜೋಡಣೆಯ ಫೋಟೋ ಇಟ್ಟುಕೊಳ್ಳದೆ ಒಂದು ಚೂರನ್ನೂ ಎತ್ತಬೇಡಿ.

ಕೈಯನ್ನೂ ಸ್ವಲ್ಪ ನಂಬಿ. ಶಾಂತಿನಿಕೇತನದ ಚಿತ್ರಕಾರ ಬಿನೋದ್ ಬಿಹಾರಿ ಮುಖರ್ಜಿಯವರು 1950ರ ದಶಕದಲ್ಲಿ ದೃಷ್ಟಿ ಪೂರ್ತಿ ಕಳೆದುಕೊಂಡರು. ಆಮೇಲೆ ಅವರು ಬಣ್ಣದ ಕಾಗದ ಕತ್ತರಿಸಿ ಕೊಲಾಜ್ ಮಾಡಿದರು. ಕಣ್ಣು ಮುಚ್ಚಿ ನಿಮ್ಮ ಹಾಳೆ ಸವರಿ ನೋಡಿ. ಬೆರಳಿಗೆ ಎಲ್ಲ ಕಡೆ ಒಂದೇ ನುಣುಪು ಸಿಕ್ಕರೆ ಎಲ್ಲೋ ಒಂದು ಕಡೆ ಆ ಅಲೆಅಲೆ ರಟ್ಟು ಬೇಕಾಗಿದೆ.

ಹಂತ 4: ಅಂಟಿಸುವುದು

ಹಳೆಯ ವಾರಪತ್ರಿಕೆಯೊಂದನ್ನು ತೆರೆದಿಡಿ. ತುಂಡನ್ನು ಅದರ ಮೇಲೆ ಬೋರಲು ಹಾಕಿ, ನಡುವಿನಿಂದ ಅಂಚಿನ ಕಡೆಗೆ ಅಂಟು ಬಳಿಯಿರಿ. ಬ್ರಷ್ ಅಂಚು ದಾಟಿ ಹೊರಗೆ ಹೋಗಬೇಕು, ಇಲ್ಲದಿದ್ದರೆ ಅಂಚು ನಾಳೆ ಏಳುತ್ತದೆ. ಮುಂದಿನ ತುಂಡಿಗೆ ಪುಟ ತಿರುಗಿಸಿ. ಅದೇ ಪುಟದಲ್ಲಿ ಮಾಡಿದರೆ ಅಂಟು ಮುಂಭಾಗಕ್ಕೆ ಮೆತ್ತಿಕೊಳ್ಳುತ್ತದೆ.

ತೆಳು ಕಾಗದಕ್ಕೆ ಅಂಟು ಬಳಿದ ಮೇಲೆ ಅರ್ಧ ನಿಮಿಷ ತಡೆಯಿರಿ. ಒದ್ದೆಯಾದ ಕಾಗದ ಹಿಗ್ಗುತ್ತದೆ. ಹಿಗ್ಗಿ ಮುಗಿದ ಮೇಲೆ ಇಟ್ಟರೆ ಸುಕ್ಕು ಕಡಿಮೆ. ಅಡಿಯಲ್ಲಿ ಬರುವ ದೊಡ್ಡ ತುಂಡು ಮೊದಲು, ಮೇಲಿನ ಚೂರು ಕೊನೆಗೆ. ಇಟ್ಟ ಮೇಲೆ ಹಾಲಿನ ಕವರ್ ಮುಚ್ಚಿ ಚಮಚದ ಬೆನ್ನಿನಿಂದ ಉಜ್ಜಿ. ಕವರ್ ಅಂಟಿಕೊಳ್ಳುವುದಿಲ್ಲ, ಅದರ ಎರಡನೇ ಉಪಯೋಗ ಇದು.

ಎಲ್ಲ ಅಂಟಿಸಿದ ಮೇಲೆ ಹಾಳೆ ತೇರಿನ ಗಾಲಿಯ ಹಾಗೆ ಬಾಗುತ್ತದೆ. ಮುಂದಿನ ಕಾಗದ ಒಣಗುತ್ತಾ ಎಳೆಯುವುದರಿಂದ ಹಾಗೆ. ಹಿಂಭಾಗಕ್ಕೂ ಅಷ್ಟೇ ಅಗಲದ ಕಾಗದ ಅಂಟಿಸಿದರೆ ಎರಡೂ ಕಡೆಯ ಎಳೆತ ಸರಿಹೋಗುತ್ತದೆ. ಆಮೇಲೆ ಮೇಲೊಂದು ಕೆಳಗೊಂದು ಕವರ್, ಅದರಾಚೆ ನಾಲ್ಕು ಪದರ ಪೇಪರ್, ಅದರ ಮೇಲೆ ಹಲಗೆ, ಹಲಗೆ ಮೇಲೆ ಅಕ್ಕಿ ಡಬ್ಬ. ಒಂದು ಗಂಟೆ ಬಿಟ್ಟು ಕವರ್ ತೆಗೆದು ಒಣ ಪೇಪರ್ ಇಡಿ, ಇಲ್ಲದಿದ್ದರೆ ಒಳಗಿನ ತೇವ ಎಲ್ಲಿಗೂ ಹೋಗುವುದಿಲ್ಲ. ರಾತ್ರಿಯಿಡೀ ಹಾಗೇ ಇರಲಿ. ಆಷಾಢ ಶ್ರಾವಣದಲ್ಲಾದರೆ ಎರಡು ರಾತ್ರಿ.

ಹಂತ 5: ಮೇಲಿನ ಕೈ

ಮೈದಾ ಗೋಂದಿನಲ್ಲಿ ಅಂಟಿಸಿದ್ದರೆ ಈಗ ಒಂದು ತೆಳು ಬಣ್ಣ ಹಾಯಿಸಬಹುದು. ಬೂದು ಬಣ್ಣವನ್ನು ಜಾಸ್ತಿ ನೀರಿನಲ್ಲಿ ಕಲಸಿ ಅಗಲ ಬ್ರಷ್‌ನಲ್ಲಿ ಎರಡು ಮೂರು ತುಂಡುಗಳ ಮೇಲೆ ಒಟ್ಟಿಗೆ ಎಳೆಯಿರಿ. ಬೇರೆ ಬೇರೆ ಕಡೆಯಿಂದ ಬಂದ ಕಾಗದಗಳು ಒಂದೇ ನೆರಳಿನಲ್ಲಿ ಕೂತಂತೆ ಆಗುತ್ತದೆ. ಒಮ್ಮೆ ಎಳೆದು ಬಿಡಿ. ತಿಕ್ಕಿದರೆ ಗೋಂದು ನೆನೆದು ತುಂಡು ಕಿತ್ತು ಬರುತ್ತದೆ.

ಗೆರೆ ಬೇಕಾದರೆ ಕಪ್ಪು ಇಂಕಿನಲ್ಲಿ ಒಂದೋ ಎರಡೋ. ಹಳೆಯ ಟೂತ್‌ಬ್ರಷ್‌ನಿಂದ ಚಿಮುಕಿಸಿದ ಚುಕ್ಕಿ ಇನ್ನೂ ಚೆನ್ನ. ಮೊದಲು ಖಾಲಿ ಬಿಟ್ಟ ಜಾಗದ ಮೇಲೆ ಒಂದು ಕಾಗದ ಮುಚ್ಚಿಕೊಳ್ಳಿ.

ಇಲ್ಲಿ ನಿಲ್ಲಿಸುವುದು ಹೇಗೆ ಅಂತ ಕೇಳುತ್ತಾರೆ. ನಾನು ರಟ್ಟಿನಿಂದ ಇಂಗ್ಲಿಷಿನ ‘ಎಲ್’ ಆಕಾರದ ಎರಡು ಪಟ್ಟಿ ಮಾಡಿಟ್ಟುಕೊಂಡಿದ್ದೇನೆ. ಅವೆರಡನ್ನು ಎದುರುಬದುರು ಇಟ್ಟರೆ ಒಂದು ಚೌಕಟ್ಟು. ಅದನ್ನು ಹಿಗ್ಗಿಸುತ್ತಾ ಕುಗ್ಗಿಸುತ್ತಾ ಚಿತ್ರದ ಮೇಲೆ ಓಡಾಡಿಸುತ್ತೇನೆ. ಎಷ್ಟೋ ಸಲ ಇಡೀ ಹಾಳೆಗಿಂತ ಅದರ ಅಂಗೈಯಗಲದ ಮೂಲೆಯೇ ಒಳ್ಳೆಯ ಚಿತ್ರ. ಹಾಗಿದ್ದರೆ ಅಷ್ಟನ್ನೇ ಕತ್ತರಿಸಿ ಉಳಿಸಿಕೊಳ್ಳಿ. ಉಳಿದದ್ದು ಮುಂದಿನದಕ್ಕೆ ಕಾಗದ.

ಇಡುವುದು

ಫ್ರೇಮ್ ಹಾಕಿಸುವಾಗ ಗಾಜು ಚಿತ್ರಕ್ಕೆ ತಾಗಬಾರದು. ನಡುವೆ ಮೌಂಟ್ (ಚಿತ್ರದ ಸುತ್ತ ಬರುವ ರಟ್ಟಿನ ಚೌಕಟ್ಟು) ಹಾಕಿ ಅಂತ ಅಂಗಡಿಯವರಿಗೆ ಹೇಳಿ. ಬಿಸಿಲು ಬೀಳುವ ಗೋಡೆ ಬೇಡ. ಮೈದಾ ಗೋಂದು ಜಿರಳೆಗೆ ಬಹಳ ಪ್ರೀತಿ, ಫ್ರೇಮಿನ ಹಿಂಭಾಗ ಟೇಪ್ ಹಾಕಿ ಪೂರ್ತಿ ಮುಚ್ಚಿಸಿ. ಅದಕ್ಕೂ ಮೊದಲು ಹಾಳೆಯ ಬೆನ್ನಿಗೆ ಪೆನ್ಸಿಲಿನಲ್ಲಿ ತಾರೀಖು, ಯಾವ ಅಂಟು, ಯಾವ ಕಾಗದ ಅಂತ ಬರೆದಿಡಿ. ಎರಡು ವರ್ಷದ ಮೇಲೆ ಒಂದು ಬಣ್ಣ ಮಾಸಿದಾಗ ಯಾಕೆ ಅಂತ ಗೊತ್ತಾಗಬೇಕಲ್ಲ. ನನ್ನ ಒಂದು ಹಾಳೆಯ ಹಿಂದೆ ಹೀಗಿದೆ: ‘ಬೂದು, ಭಾನುವಾರದ ಪೇಪರ್. ಕಂದು, ಡಿಕಾಕ್ಷನ್. ಮೇಲಿನ ಕೆಂಪು, ಚಿಕ್ಕಮ್ಮನ ಮದುವೆ ಕಾರ್ಡಿನ ಲಕೋಟೆ.’